ತೊಯ್ದ ಪರಸಿಯಲ್ಲಿ ಕಂಡಾಕೆ

ದೆವ್ವ ಕಂಡೆ ಎನ್ನುವವರನ್ನು ನಾನು ಬುದ್ಧಿ ಇದ್ದವರ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಈಗಲೂ ಹಿಡಿಯುವುದಿಲ್ಲ. ಫೋಟೋ ತೆಗೆಸಿಕೊಂಡರೆ ಆಯುಷ್ಯ ಕಡಿಮೆಯಾಗುತ್ತದೆಂದು ಮುಖ ಮುಚ್ಚಿಕೊಂಡು, ಕೊರಳ ಸರ ಮಾತ್ರ ಚೆನ್ನಾಗಿ ಬರಬೇಕೆನ್ನುವ ಜನರ ನಡುವೆ ಹೊಟ್ಟೆ ಹೊರೆದವನು ನಾನು. ಅಂಥವನೇ ಇದನ್ನು ಬರೆಯುತ್ತಿದ್ದೇನೆ. ನಂಬಿ ಎಂದು ನಿಮ್ಮನ್ನು ಕೇಳುವುದಿಲ್ಲ.

ಅದು ನಿಜಾಮರ ರಾಜ್ಯದ ಕಡೆಗಾಲ. ಶಹಾಬಾದ್ ಸ್ಟೇಷನ್ ಹತ್ತಿರ ನನ್ನ ಸಣ್ಣ ಸ್ಟುಡಿಯೋ ಇತ್ತು. ಚಿಂಚೋಳಿ ಸಮೀಪದ ಒಂದು ಹಳ್ಳಿಯಿಂದ ಮದುವೆಗೆ ಕರೆ ಬಂತು. ವರ ಸುಲೇಪೇಟ ಕಡೆಯ ತೊಗರಿ ಸಾಹುಕಾರ, ಎರಡನೆಯ ಸಂಬಂಧ. ಮೊದಲ ಹೆಂಡತಿ ಪ್ಲೇಗಿನಲ್ಲಿ ಹೋದಳಂತೆ. ಮೀಸೆಗೆ ಬಳಿದ ಕಪ್ಪು ಬೆವರಿನ ಜೊತೆ ತುಟಿಗೆ ಇಳಿಯುತ್ತಿದ್ದರೂ ಆತನಿಗೆ ತಾನು ಹರೆಯದವನೆಂಬ ಬಿಗುಮಾನ. ವಧು ಶರಣಮ್ಮ ತಂದೆತಾಯಿ ಇಲ್ಲದ ಹುಡುಗಿ. ಅವಳನ್ನು ಸಾಕಿದ ಸೋದರಮಾವ ಬಸಣ್ಣ, ಸಾಹುಕಾರನ ಸಂಬಂಧ ಸಿಕ್ಕಿತೆಂದು ಕೈಕಟ್ಟಿ ಹಲ್ಲು ಕಿರಿಯುತ್ತ ನಿಂತಿದ್ದ. ಆ ಇಬ್ಬರು ಗಂಡಸರನ್ನೂ ನೋಡಿ ನನಗೆ ಹೇಸಿಗೆಯಾಯಿತು.

ಮಧ್ಯಾಹ್ನ ಬಿರುಗಾಳಿ ಎದ್ದು ಹಂದರ ಹಾರಿಹೋಯಿತು. ಹಿಂದೆಯೇ ಮಳೆ. ಎಲ್ಲರೂ ಧಾನ್ಯ ತುಂಬುವ ಗೋದಾಮಿಗೆ ನುಗ್ಗಿದರು. ಅಕ್ಷತೆ ಬೀಳುವ ಹೊತ್ತಿಗೆ ಬೆಳಕೇ ಇರುವುದಿಲ್ಲ, ಫೋಟೋ ಮೊದಲು, ತಾಳಿ ಆಮೇಲೆ ಎಂದು ನಾನು ಹಠ ಹಿಡಿದೆ. ಹಿರಿಯರು ಗೊಣಗಿದರು. ಆದರೆ ಸಾಹುಕಾರನಿಗೆ ಫೋಟೋದ ಹುಚ್ಚು.

ದೊಡ್ಡ ಬಾಗಿಲು ತೆರೆಸಿ, ಅದಕ್ಕೆ ಎದುರಾಗಿ ಎಲ್ಲರನ್ನೂ ಕೂಡಿಸಿದೆ. ಎರಡೂ ಬದಿಗೆ ಬಿಳಿ ಧೋತರ ಹಿಡಿಸಿದೆ. ಆದರೂ ಆ ಮಂಕು ಬೆಳಕು ರುಮಾಲು, ಸೆರಗುಗಳ ಕೆಳಗಿನ ಮುಖಗಳಿಗೆ ಮುಟ್ಟಲಿಲ್ಲ. ನೆಲಕ್ಕೆ ಹಾಸಿದ್ದು ನಮ್ಮ ಶಹಾಬಾದಿನ ನಯವಾದ ಪರಸಿ ಕಲ್ಲು. ಅವರ ಕಾಲ ಮುಂದೆ ಕೊಡಗಟ್ಟಲೆ ನೀರು ಸುರಿಸಿದೆ. ಬಾಗಿಲ ಬೆಳಕು ತೊಯ್ದ ಕಲ್ಲಿನಿಂದ ಪುಟಿದು ಮುಖಗಳಿಗೆ ಹತ್ತಿತು. ನನ್ನ ಜಾಣತನಕ್ಕೆ ನಾನೇ ತಲೆದೂಗಿದೆ. ಆ ಮಂದೆಯಲ್ಲಿ ಅದನ್ನು ಮೆಚ್ಚುವವರು ಬೇರೆ ಯಾರಿದ್ದರು?

ಕರಿ ಬಟ್ಟೆ ಹೊದ್ದು ಕ್ಯಾಮೆರಾದ ಗಾಜು ನೋಡಿದೆ. ಆ ಗಾಜಿನಲ್ಲಿ ಜನ ತಲೆಕೆಳಗಾಗಿ ಕಾಣುತ್ತಾರೆ. ಹಾಗಾಗಿ ನೀರಿನಲ್ಲಿ ಬಿದ್ದ ಅವರ ಪ್ರತಿಬಿಂಬ ಮಾತ್ರ ನೆಟ್ಟಗಿರುತ್ತದೆ. ಆ ಪ್ರತಿಬಿಂಬದಲ್ಲಿ ವಧೂವರರ ಹಿಂದೆ ಒಬ್ಬ ಹೆಂಗಸು ನಿಂತಿದ್ದಳು. ಹಸಿರು ಸೀರೆ, ಬಿಚ್ಚಿದ ಕೂದಲು, ಎರಡರಿಂದಲೂ ನೀರು ಇಳಿಯುತ್ತಿತ್ತು. ಒಂದು ಕೈ ವರನ ಕುರ್ಚಿಯ ಮೇಲೆ, ಇನ್ನೊಂದು ಶರಣಮ್ಮನ ಹೆಗಲ ಮೇಲೆ. ಮಳೆಗೆ ಸಿಕ್ಕ ಯಾರೋ ಬುದ್ಧಿಗೇಡಿ ಬಂದು ನುಗ್ಗಿದ್ದಾಳೆಂದು ನನಗೆ ಸಿಟ್ಟು ಬಂತು. ಬಟ್ಟೆಯೊಳಗಿಂದಲೇ ಗದರಿದೆ.

“ಸಾವ್ಕಾರ್ರ ಹಿಂದ ನಿಂತ ಹಸುರು ಸೀರಿ ಅಕ್ಕಗ ಸರೀಲಿಕ್ಕ ಹೇಳ್ರಿ. ಮೈಯೆಲ್ಲ ತೊಯ್ದು ನೀರು ಸುರ್ಯಾಕತ್ತಾವ.”

ಯಾರೂ ಸರಿಯಲಿಲ್ಲ. ಬಟ್ಟೆ ಸರಿಸಿ ನೋಡಿದರೆ ಕುರ್ಚಿಗಳ ಹಿಂದೆ ಬರೀ ಗೋಡೆ. ಉಳಿದವರೆಲ್ಲ ಹಿಂದೆ ತಿರುಗಿ ನೋಡುತ್ತಿದ್ದರು, ಸಾಹುಕಾರನೊಬ್ಬ ತಿರುಗಲಿಲ್ಲ. ತನಗೆ ತಾನೇ ಹೇಳಿಕೊಳ್ಳುವವನಂತೆ ಮೆಲ್ಲಗೆ ಅಂದ:

“ಬಾವಿ ಮ್ಯಾಲ ಕಲ್ಲು ಎಳಿಸೀನಲ್ಲ.”

ಬಸಣ್ಣನ ಮುಖದ ನಗೆ ಇಳಿಯಿತು. “ಯಾವ ಬಾವಿರಿ? ಪ್ಲೇಗಿನಾಗ ಹೋದ್ಲು ಅಂದಿದ್ರಲ್ಲ?”

ಸಾಹುಕಾರ ಎದ್ದ. ತೊಯ್ದ ಪರಸಿಯನ್ನು ತುಳಿಯದೆ ಗೋಡೆಗುಂಟ ಸರಿದು, ಸುರಿಯುವ ಮಳೆಯಲ್ಲೇ ಬಂಡಿ ಹತ್ತಿದ. ಅವನ ಕಡೆಯವರು ಒಬ್ಬೊಬ್ಬರಾಗಿ ಹಿಂದೆ ಹೋದರು. ತಾಳಿ ತಟ್ಟೆಯಲ್ಲೇ ಉಳಿಯಿತು.

ಸಂಜೆಯೊಳಗೆ ಊರಿಗೆ ಊರೇ ಆ ಹೆಂಗಸನ್ನು ಕಂಡಿತ್ತು. ಒಬ್ಬ ಅವಳ ಕಾಲು ಹಿಂದುಮುಂದಾಗಿದ್ದವೆಂದ, ಇನ್ನೊಬ್ಬ ಅವಳ ಹೆಸರೇ ಹೇಳಿದ. ಇಂಥ ಸುಳ್ಳರ ಸಾಲಿಗೆ ನಾನೂ ಸೇರಿದೆನಲ್ಲ ಎಂದು ಮೈ ಉರಿಯಿತು. ಚಿತ್ರ ಮೂಡುವ ಪ್ಲೇಟಿಗೆ ಬೆಳಕು ಬಿಡುವ ಮೊದಲೇ ಎಲ್ಲ ಮುಗಿದಿದ್ದರಿಂದ ಚಿತ್ರವೂ ಇಲ್ಲ. ಮತ್ತೆ ನೀರು ಸುರಿದು, ಅದೇ ಜಾಗದಿಂದ ಗಾಜಿನಲ್ಲಿ ನೋಡಿದೆ. ಖಾಲಿ ಕುರ್ಚಿಗಳು, ಮೇಲಿನ ತೊಲೆಗಳು, ಅಷ್ಟೇ.

ಪೆಟ್ಟಿಗೆ ಕಟ್ಟುತ್ತಿರುವಾಗ ಶರಣಮ್ಮ ಬಂದಳು. ಮದುಮಗಳೆಂದು ಬೆಳಗಿನಿಂದ ತಲೆ ತಗ್ಗಿಸಿ ಕೂತವಳು, ಕಾಲ ಮುಂದಿನ ನೆಲವನ್ನಲ್ಲದೆ ಬೇರೇನನ್ನೂ ನೋಡಿರಲಿಲ್ಲ.

“ನೀರು ಹಾಕಿದಾಗಿಂದ ನಾ ಆಕಿನ್ನ ನೋಡಾಕತ್ತಿದ್ದೆ ಅಣ್ಣಾರ,” ಎಂದಳು. “ನಾ ಹೇಳಿದ್ರ, ಮದಿವಿ ಒಲ್ಲದಾಕಿ ನಾಟಕ ಮಾಡ್ತಾಳ ಅಂತಿದ್ರು. ನೀವು ಬೈದ್ರಿ, ನಂಬಿದ್ರು.” ಹೆಗಲು ಮುಟ್ಟಿಕೊಂಡಳು. “ಕೈ ಭಾಳ ತಣ್ಣಗಿತ್ತರಿ.”

ಕಣ್ಣು ದಣಿದಿತ್ತು, ಬೆಳಕು ಕೆಟ್ಟದಾಗಿತ್ತು ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ಹಸಿರು ಸೀರೆಯ ಮಾತನ್ನು ನನ್ನ ಬಾಯಿಂದಲೇ ಕೇಳಿದ್ದಳು, ಅದು ಸರಿ. ಆದರೆ ಆ ಕೈಯ ಮಾತನ್ನು ನಾನು ಯಾರಿಗೂ ಹೇಳಿರಲಿಲ್ಲ.