ಕರಡಿಗೆ ತೆಗೆದಿಟ್ಟ ದಿನ

ಅರಿಶಿಣದ ಕೊಂಬುಗಳು ಪೀಪಾಯಿಯಲ್ಲಿ ಉರುಳುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಗರಗರ, ಗರಗರ. ಸಾಂಗಲಿಯ ಪೇಟೆಯಲ್ಲಿ ಕೆಳಗೆ ಅಂಗಡಿ, ಮೇಲೆ ನಮ್ಮ ಮನೆ. ಅಂಗಡಿಯ ಹಿಂದೆ ಇಬ್ಬರು ಆಳುಗಳು ದಿನವಿಡೀ ಆ ಪೀಪಾಯಿ ತಿರುಗಿಸಿ ಕೊಂಬಿಗೆ ಹೊಳಪು ಬರಿಸುತ್ತಿದ್ದರು. ಹಳದಿ ಧೂಳು ಮೆಟ್ಟಿಲು ಹತ್ತಿ ಅಡುಗೆಮನೆಗೆ, ಹಾಸಿಗೆಗೆ, ನಮ್ಮ ಗಂಟಲಿಗೆ ಬರುತ್ತಿತ್ತು. ಅಪ್ಪ ಕೆಮ್ಮುತ್ತಿದ್ದರು, ಆಳುಗಳು ಕೆಮ್ಮುತ್ತಿದ್ದರು. ಅರಿಶಿಣದ ವ್ಯಾಪಾರಿಯ ಮನೆಯಲ್ಲಿ ಕೆಮ್ಮನ್ನು ಯಾರೂ ರೋಗವೆನ್ನುವುದಿಲ್ಲ.

ಹಾಗಾಗಿ ನನ್ನ ಕೆಮ್ಮು ಒಂದು ಮಳೆಗಾಲ, ಅರ್ಧ ಚಳಿಗಾಲ ಹಾಗೇ ನಡೆಯಿತು. ತಂಗಿ ನೀಲಾಳದೂ ಅಷ್ಟೇ.

ನನಗಾಗ ಹತ್ತೊಂಬತ್ತು, ಅವಳಿಗೆ ಹದಿನೈದು. ಅವ್ವ ನಾವು ಸಣ್ಣವರಿದ್ದಾಗಲೇ ಹೋಗಿದ್ದಳು. ಮುಂಬಯಿಯಿಂದ ಬರುವ ಇಂಗ್ಲಿಷ್ ತಾರು ಓದಲು ಮನೆಯಲ್ಲೊಬ್ಬರು ಬೇಕೆಂದು ಅಪ್ಪ ನನ್ನನ್ನು ಬೆಳಗಾವಿಯ ಕಾನ್ವೆಂಟ್ ಬೋರ್ಡಿಂಗಿಗೆ ಹಾಕಿದ್ದರು. ನೀಲಾ ಮನೆಯಲ್ಲೇ ಉಳಿದು ಆಯಿಯ, ಅಂದರೆ ನಮ್ಮ ಅಜ್ಜಿಯ, ಕೈಯಲ್ಲಿ ಬೆಳೆದಳು.

ಒಂದು ಬೆಳಿಗ್ಗೆ ಬಾಯಿ ಮುಕ್ಕಳಿಸಿದಾಗ ಬಚ್ಚಲ ಕಲ್ಲಿನ ಮೇಲೆ ಕೆಂಪು ಬಿತ್ತು.

“ಅಕ್ಕಾ, ಕದ್ದು ಎಲಿ ಅಡಿಕಿ ತಿಂದಿಯೇನ? ತಡಿ, ಆಯಿಗೆ ಹೇಳ್ತೀನಿ” ಎಂದು ನೀಲಾ ನಕ್ಕಳು. ನಾನು ನಗಲಿಲ್ಲ.

ಮರುದಿನವೇ ಅಪ್ಪ ನಮ್ಮಿಬ್ಬರನ್ನೂ ಆಯಿಯನ್ನೂ ಟಾಂಗಾದಲ್ಲಿ ಕೂರಿಸಿ ಮಿರಜಕ್ಕೆ ಕರೆದೊಯ್ದರು. ಸಾಂಗಲಿ ಒಬ್ಬ ರಾಜರದು, ಮಿರಜ ಇನ್ನೊಬ್ಬರದು. ರೋಗಕ್ಕೆ ಗಡಿ ಇರಲಿಲ್ಲ, ಎಲ್ಲರೂ ಮಿರಜದ ಡಾಕ್ಟರರಲ್ಲಿಗೇ ಹೋಗುತ್ತಿದ್ದರು. ಎಕ್ಸ್‌ರೇ ಕೋಣೆಯಲ್ಲಿ ನರ್ಸ್ ಹೇಳಿದಳು, “ಮೈಮ್ಯಾಲಿನ ಬೆಳ್ಳಿ ಬಂಗಾರ ಎಲ್ಲಾ ತಗೀರಿ.”

ನನ್ನ ಎದೆಯ ಮೇಲೆ ಬೆಳ್ಳಿಯ ಕರಡಿಗೆ. ಅದರೊಳಗೆ ಹುಟ್ಟಿದಾಗ ಕಟ್ಟಿದ ಲಿಂಗ. ಅದು ಮೈ ಬಿಟ್ಟರೆ ಜೀವ ಬಿಟ್ಟ ಹಾಗೆ ಎಂದು ಆಯಿ ಕಲಿಸಿದ್ದಳು. ನಾನು ಏಳು ವರ್ಷ ಸೈನ್ಸ್ ಓದಿದ ಕಾನ್ವೆಂಟ್ ಹುಡುಗಿ. ಬಿಚ್ಚಿ ಸ್ಟೂಲಿನ ಮೇಲಿಟ್ಟೆ. ತಣ್ಣನೆಯ ಹಲಗೆಗೆ ಎದೆ ಒತ್ತಿ ನಿಂತೆ, ಉಸಿರು ಹಿಡಿದೆ, ಬಿಟ್ಟೆ. ಮತ್ತೆ ಕಟ್ಟಿಕೊಂಡು ಹೊರಗೆ ಬಂದೆ.

ನೀಲಾ ಎದ್ದು ನಿಂತಿದ್ದಳು. “ಅಕ್ಕಾ, ಕರಡಿಗಿ ತಗಸಿದ್ರೇನ?”

ಆಯಿ ನನ್ನ ಮುಖವನ್ನೇ ನೋಡುತ್ತಿದ್ದಳು.

“ಇಲ್ಲ” ಎಂದೆ.

ನೀಲಾ ಒಳಗೆ ಹೋದಳು. ಹೋದಷ್ಟೇ ಬೇಗ ಹೊರಗೆ ಬಂದಳು. “ಅಕ್ಕ ತಗದಿಲ್ಲ, ನಾ ಯಾಕ ತಗೀಲಿ? ನನಗ ಫೋಟೋ ಬ್ಯಾಡ.” ಆಯಿ ಅವಳ ತಲೆ ಸವರಿ, “ಇಕಿ ನೋಡು ನನ್ನ ಮಮ್ಮಗಳು” ಎಂದಳು. ಅಪ್ಪನಿಗೆ ನನ್ನ ಚಿಂತೆಯೇ ಹೆಚ್ಚಾಗಿತ್ತು. “ಇಕಿದು ಧೂಳಿನ ಕೆಮ್ಮು ಇರಬೇಕು, ಮುಂದ ನೋಡೂಣು” ಎಂದುಬಿಟ್ಟರು.

ಸಾಂಗಲಿಯವರೆಗೆ ಆರು ಮೈಲಿ ದಾರಿ. ಅಷ್ಟರಲ್ಲಿ ಎಲ್ಲಾದರೂ ನಾನು ಬಾಯಿ ಬಿಡಬಹುದಿತ್ತು. ಬಿಡಲಿಲ್ಲ. ಆಯಿ ಬಯ್ಯುತ್ತಾಳೆ ಎಂಬ ಹೆದರಿಕೆ, ಅಷ್ಟೇ. ಇಂಥ ಸಣ್ಣ ಹೆದರಿಕೆಗೆ ಇಷ್ಟು ದೊಡ್ಡ ದಂಡವೇ ಎಂದು ಮುಂದೆ ಎಷ್ಟೋ ವರ್ಷ ಕೇಳಿಕೊಂಡಿದ್ದೇನೆ.

ನನ್ನ ಎಡ ಶ್ವಾಸಕೋಶದಲ್ಲಿ ಟಿ.ಬಿ. ಇತ್ತು. ಮಿರಜ ಊರ ಹೊರಗಿನ ಸ್ಯಾನಟೋರಿಯಂನಲ್ಲಿ ಹಾಸಿಗೆ ಖಾಲಿಯಾಗಲೆಂದು ಮೂರು ತಿಂಗಳು ಕಾದೆವು. ಆ ಮೂರು ತಿಂಗಳಲ್ಲಿ ನೀಲಾ ಒಣಗಿದಳು. ಸಂಜೆ ಜ್ವರ, ಬೆಳಗಿನ ಜಾವ ಬೆವರು. ಕೊನೆಗೆ ಆಯಿಯೇ ಸೋತು, ಅವಳ ಕರಡಿಗೆಯನ್ನು ತನ್ನ ಅಂಗೈಯಲ್ಲಿ ಹಿಡಿದುಕೊಂಡು ಎಕ್ಸ್‌ರೇ ಕೋಣೆಯ ಬಾಗಿಲಲ್ಲಿ ನಿಂತಳು.

ಎರಡೂ ಕಡೆ ಹರಡಿತ್ತು.

ಅದೇ ವಾರ ಹೆಂಗಸರ ವಾರ್ಡಿನಲ್ಲಿ ಒಂದು ಹಾಸಿಗೆ ಖಾಲಿಯಾಯಿತು. ಒಂದೇ. ದೊಡ್ಡ ಡಾಕ್ಟರರು ಎರಡು ಫಿಲ್ಮುಗಳನ್ನೂ ಕಿಟಕಿಯ ಬೆಳಕಿಗೆ ಹಿಡಿದು ನನ್ನ ಹೆಸರು ಹೇಳಿದರು. ನಾನು ಅವರ ಕಾಲು ಹಿಡಿದೆ. “ಸರ್, ಟೇಕ್ ಹರ್, ಪ್ಲೀಸ್. ನಾನು ಮನೆಯಲ್ಲಿರುತ್ತೇನೆ.” ಅವರು ನನ್ನನ್ನು ಎಬ್ಬಿಸಿದರು. ಇದೇನು ಬಹುಮಾನವಲ್ಲ ಮಗಳೇ, ಎಂದರು ಇಂಗ್ಲಿಷಿನಲ್ಲಿ. ಅಲ್ಲಿನ ಚಿಕಿತ್ಸೆ ಎ.ಪಿ., ಎಂದರೆ ಪಕ್ಕೆಗೆ ಸೂಜಿ ಚುಚ್ಚಿ ಗಾಳಿ ತುಂಬಿ, ರೋಗವಿರುವ ಶ್ವಾಸಕೋಶವನ್ನು ಮಲಗಿಸುವುದು. ಒಂದನ್ನು ಮಲಗಿಸಬಹುದು. ಎರಡನ್ನೂ ಮಲಗಿಸಿದರೆ ಉಸಿರಾಡುವುದು ಯಾವುದರಿಂದ?

ಮೂರು ತಿಂಗಳ ಹಿಂದೆ ಬಂದಿದ್ದರೆ, ಎಂದು ಕೇಳಿದೆ. ಅವರು ಫಿಲ್ಮುಗಳನ್ನು ಲಕೋಟೆಗೆ ಸೇರಿಸಿದರು.

ಹೀಗೆ ನಾನು ಆಯ್ಕೆಯಾದೆ.

ವೆರಾಂಡದಲ್ಲಿ ಸಾಲು ಮಂಚ. ವಾರಕ್ಕೊಮ್ಮೆ ಪಕ್ಕೆಗೆ ಗಾಳಿಯ ರಿಫಿಲ್. ಹಾಲು, ವಿಶ್ರಾಂತಿ, ಥರ್ಮಾಮೀಟರ್. ನನ್ನ ತೂಕ ಏರತೊಡಗಿತು. ತಕ್ಕಡಿಯಿಂದ ಇಳಿಯುವಾಗಲೆಲ್ಲ ತಂಗಿಯ ಮಾಂಸ ತಿಂದವಳಂತೆ ಅನಿಸುತ್ತಿತ್ತು. ನೀನು ನಿನ್ನ ಪಾಲಿನದು ಮಾಡು, ದೇವರು ತನ್ನದು ಮಾಡುತ್ತಾನೆ, ಎಂದು ಕಾನ್ವೆಂಟಿನ ಮದರ್ ಹೇಳುತ್ತಿದ್ದರು. ನಾನು ನನ್ನ ಪಾಲಿನದು ಶುರು ಮಾಡಿದೆ. ಸಂಜೆಯ ಹಾಲನ್ನು ಯಾರಿಗೂ ಕಾಣದಂತೆ ಕ್ರೋಟನ್ ಗಿಡದ ಬುಡಕ್ಕೆ ಸುರಿದೆ. ನನ್ನದನ್ನು ಕಡಿಮೆ ಮಾಡು, ಅವಳಿಗೆ ಕೊಡು. ಶಿವನಿಗೂ ಹೇಳಿದೆ, ಯೇಸುವಿಗೂ ಹೇಳಿದೆ.

ಎಸ್ತರಬಾಯಿಯ ಕೈಗೆ ಸಿಕ್ಕಿಬಿದ್ದೆ. ಜಮಖಂಡಿ ಕಡೆಯ ಕ್ರೈಸ್ತ ವಿಧವೆ, ಮಧ್ಯಾಹ್ನ ಮಂಚದಿಂದ ಮಂಚಕ್ಕೆ ಹೋಗಿ ರೋಗಿಗಳಿಗೆ ಬೈಬಲ್ ಓದಿ ಹೇಳುವವಳು. “ಏನವಾ ಶಾಂತಾ, ಆ ಗಿಡಕ್ಕೂ ಟಿ.ಬಿ. ಐತೇನ, ಹಾಲು ಕುಡಸಾಕತ್ತಿ?” ಎಂದಳು. ನನಗೆ ಅಳು ಒತ್ತರಿಸಿ ಬಂತು. ಕರಡಿಗೆ, ಸುಳ್ಳು, ಹಾಸಿಗೆ, ಎಲ್ಲವನ್ನೂ ಹೇಳಿಬಿಟ್ಟೆ.

ಅವಳು ಬೆಚ್ಚಲಿಲ್ಲ. “ಹಾಲು ಚೆಲ್ಲಿ ದೇವರನ್ನ ಕೊಳ್ಳಾಕ ಬರೂದಿಲ್ಲವಾ. ಜಗತ್ತು ಹುಟ್ಟೂದಕ್ಕಿಂತ ಮೊದಲ ಅವ ತನ್ನವರನ್ನ ಆರಿಸ್ಯಾನ. ನಮ್ಮ ಪುಣ್ಯಾ ನೋಡಿ ಅಲ್ಲ. ನಮ್ಮ ಕಡೆ ಏನೂ ಇಲ್ಲಂತ ಗೊತ್ತಿದ್ದೂ.”

“ಹಂಗಾದ್ರ ನೀಲಾನ್ನ ಯಾಕ ಬಿಟ್ಟಾನ್ರಿ?”

“ಬಿಟ್ಟಾನಂತ ಯಾರು ಹೇಳಿದ್ರು? ಆಕಿಗೆ ಹಾಸಿಗಿ ಸಿಕ್ಕಿಲ್ಲ, ಅಷ್ಟ. ಡಾಕ್ಟರ್ ಸಾಹೇಬ್ರು ಗುಣಾ ಆಗೂವ್ರನ್ನ ಆರಿಸಬೇಕಾಗತೈತಿ. ದೇವರಿಗೆ ಆ ಅಡಚಣಿ ಇಲ್ಲ.”

“ಆಕಿ ನಿಮ್ಮ ಮತದಾಕಿ ಅಲ್ರಿ. ಎದಿಮ್ಯಾಲಿನ ಲಿಂಗಾ ತಗೀಲಾರದಾಕಿ.”

ಎಸ್ತರಬಾಯಿ ಬೈಬಲ್ ಮುಚ್ಚಿ ತೊಡೆಯ ಮೇಲಿಟ್ಟುಕೊಂಡಳು. “ಅವ ಆರಿಸಿದವ್ರ ಯಾದಿ ನನ್ನ ಕೈಯಾಗ ಕೊಟ್ಟಿಲ್ಲ. ಕೊಡದಿದ್ದದ್ದ ಚಲೋ ಆತು. ನನ್ನ ಕೈಯಾಗ ಇದ್ದಿದ್ರ ಮೊದಲ ನಮ್ಮತ್ತಿ ಹೆಸರು ಹೊಡದು ಹಾಕ್ತಿದ್ನಿ. ನೀ ನಿನ್ನ ಹೆಸರು ಹೊಡದು ಹಾಕ್ತಿದ್ದಿ.”

ನಾನು ನಕ್ಕೆ, ನಗು ಕೆಮ್ಮಾಯಿತು. ಆದರೆ ಆ ಬೋಧನೆಯನ್ನು ಹಲವು ದಿನ ದ್ವೇಷಿಸಿದೆ. ನಾನು ಮಾಡುವ ಯಾವುದೂ ಲೆಕ್ಕಕ್ಕಿಲ್ಲವೆಂದರೆ ಏನು ಹಿಡಿದುಕೊಳ್ಳಲಿ? ಛಾವಣಿ ನೋಡುತ್ತ ಮಲಗುವುದಷ್ಟೇ ಕೆಲಸವಾಗಿದ್ದ ಆ ದಿನಗಳಲ್ಲಿ ನಿಧಾನವಾಗಿ ಇನ್ನೊಂದು ಮಗ್ಗುಲು ಕಂಡಿತು: ನನ್ನ ಒಳ್ಳೆಯತನದ ಮೇಲೆ ನಿಂತಿದ್ದರೆ ನಾನು ಆ ಒಂದು “ಇಲ್ಲ”ದಲ್ಲೇ ಮುಗಿದಿದ್ದೆ. ಏನೂ ಇಲ್ಲದವಳನ್ನು ಎತ್ತಿಕೊಳ್ಳುವವನಿದ್ದರೆ ಮಾತ್ರ ನನಗೆ ದಾರಿ. ಸಮಾಧಾನ ಆಗಲಿಲ್ಲ. ಹಾಲು ಚೆಲ್ಲುವುದನ್ನು ಬಿಟ್ಟೆ.

ಬಹಳ ವರ್ಷಗಳ ಮೇಲೆ ದೀಕ್ಷಾಸ್ನಾನವನ್ನೂ ಪಡೆದೆ. ಈಗ ಎಂಬತ್ತು ದಾಟಿದ್ದೇನೆ, ಬಲ ಶ್ವಾಸಕೋಶವೇ ಹೆಚ್ಚು ದುಡಿಯುತ್ತದೆ. ಈ ಆಯುಷ್ಯ ಎ ವೆರಿ ಲಾಂಗ್ ಲೋನ್ ಎಂದು ಡಾಕ್ಟರಿಗೆ ತಮಾಷೆ ಮಾಡುತ್ತೇನೆ. ನೀಲಾ ಆ ವರ್ಷದ ಮಳೆಗಾಲ ನೋಡಲಿಲ್ಲ. ಅವಳು ಆ ಯಾದಿಯಲ್ಲಿದ್ದಾಳೆಯೇ ಎಂದು ಇಷ್ಟು ವರ್ಷ ಪ್ರಾರ್ಥನೆಯಲ್ಲಿ ಕೇಳಿದ್ದೇನೆ. ಉತ್ತರ ಬಂದಿಲ್ಲ. ನನ್ನಂಥವಳನ್ನು ಇಟ್ಟುಕೊಂಡವನು ಅವಳನ್ನು ಹೇಗೆ ಬಿಟ್ಟಾನು ಎಂಬುದಷ್ಟೇ ನನ್ನ ಧೈರ್ಯ.

ಅವಳು ಹೋಗುವ ಮುಂಚೆ, ಆ ಬೇಸಿಗೆಯ ಕೊನೆಯಲ್ಲಿ ಒಮ್ಮೆ ಅಪ್ಪ ಅವಳನ್ನು ಸ್ಯಾನಟೋರಿಯಂಗೆ ಕರೆತಂದಿದ್ದರು. ಅವಳೇ ಹಟ ಮಾಡಿ ಬಂದಿದ್ದಳು. ನನ್ನನ್ನು ನೋಡಿದವಳೇ, “ಅಯ್ಯ, ಗಲ್ಲಾ ನೋಡು, ಪೂರಿ ಉಬ್ಬಿಧಂಗ ಉಬ್ಬ್ಯಾವು” ಎಂದಳು. ಅಪ್ಪ ಡಾಕ್ಟರರನ್ನು ಕಾಣಲು ಹೋದರು. ಆಗ ಹೇಳಿದೆ.

“ನೀಲಾ, ಆವತ್ತು ನಾ ಕರಡಿಗಿ ತಗದಿದ್ನಿ.”

ಅವಳು ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು.

“ಆ ನರ್ಸಬಾಯಿ ಒಳಗ ಹೇಳಿದ್ಲು, ನಿಮ್ಮಕ್ಕ ಇಲ್ಲೇ ಸ್ಟೂಲಿನ ಮ್ಯಾಲ ತಗದಿಟ್ಟಿದ್ಲು ಅಂತ. ನಮ್ಮಕ್ಕ ಸುಳ್ಳು ಹೇಳೂದಿಲ್ಲ, ನೀವ ಸುಳ್ಳಿ, ಅಂತ ಆಕಿಗೆ ಅಂದು ಬಂದ್ನಿ.”

ಅಪ್ಪ ಬಂದು “ನಡಿಯವಾ” ಎಂದರು. ಅವಳು ಎದ್ದು, ನನ್ನತ್ತ ನೋಡದೆ ಮೆಟ್ಟಿಲಿಳಿದಳು.

ಟಾಂಗಾದಲ್ಲಿ ಮುಂದೆ ಅಪ್ಪನ ಪಕ್ಕದಲ್ಲಿ ಜಾಗವಿತ್ತು. ಅಪ್ಪ ಕೈಯನ್ನೂ ಚಾಚಿದರು. ನೀಲಾ ಸುತ್ತಿ ಬಂದು ಹಿಂದಿನ ಸೀಟಿಗೆ ಹತ್ತಿದಳು, ಹಿಂದಕ್ಕೆ ಮುಖ ಮಾಡಿ ಕೂರುವ ಆ ಸೀಟಿಗೆ. ಟಾಂಗಾ ಹೊರಟಿತು. ಅವಳು ಕೈ ಬೀಸಲಿಲ್ಲ. ಮುಖ ತಿರುಗಿಸಲೂ ಇಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು, ರೈಲ್ವೆ ಗೇಟಿನ ತಿರುವಿನವರೆಗೂ ನನ್ನನ್ನೇ ನೋಡುತ್ತ ಹೋದಳು.