ಚಪ್ಪಲಿ ಡಬ್ಬಿಯೊಳಗಿನ ಕಣ್ಣು

ಕೇರಿಯವರ ಬಾಯಲ್ಲಿ ಅವಳು ಗುಂಡಿಯಮ್ಮ. ಅಂಗಿ ಹರಿದರೂ ಅವಳು ಹಾಕಿದ ಗುಂಡಿ ಉದುರುವುದಿಲ್ಲ ಎಂಬ ಖ್ಯಾತಿಯಿಂದ ಬಂದ ಹೆಸರು. ಓದಿದ್ದು ನಾಲ್ಕನೇ ತರಗತಿ. ಆಮೇಲಿನದೆಲ್ಲ ಕಿಟಕಿ ಪಕ್ಕದ ಹೊಲಿಗೆ ಯಂತ್ರದ ಮುಂದೆಯೇ ಕಳೆಯಿತು. ಕೋಪ ಮೂಗಿನ ತುದಿಯಲ್ಲಿದೆ, ನಿಜ. ಆದರೆ ಹೊಟ್ಟೆಯೊಳಗೆ ಇಳಿದದ್ದಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಎನ್ನುತ್ತಾರಲ್ಲ, ಆ ಗಾದೆಗೆ ಅವಳ ಮನೆಯಲ್ಲಿ ಕೆಲಸವೇ ಸಿಕ್ಕಲಿಲ್ಲ. ಮದುವೆಯಾಗಿ ಬಂದ ಸೊಸೆಯನ್ನು ಕಣ್ಣಾಸ್ಪತ್ರೆಯ ತರಬೇತಿಗೆ ಸೇರಿಸಿದವಳೇ ಅವಳು.

ಆ ಸೊಸೆ ಒಂದು ಮಧ್ಯಾಹ್ನ ಪ್ರಾಕ್ಟಿಕಲ್ ಪರೀಕ್ಷೆಯಲ್ಲಿ ಫೇಲಾಗಿ ಬಂದು ಅಡುಗೆಮನೆಯ ಮೂಲೆಯಲ್ಲಿ ಕುಕ್ಕರಿಸಿದಳು. ಹದಿನೈದು ದಿನ ಬಿಟ್ಟು ಇನ್ನೊಂದೇ ಅವಕಾಶ. ಅದೂ ಹೋದರೆ ಸೀಟೇ ಹೋದಂತೆ.

“ಅಂಥದ್ದೇನು ಕೇಳಿದ್ರೇ?”

“ಒಬ್ಬರಿಗೆ ಮೆಟ್ಟಿಲು ಇಳಿಯುವಾಗ ಒಂದು ಮೆಟ್ಟಿಲು ಎರಡಾಗಿ ಕಾಣುತ್ತೆ, ಯಾವ ಸ್ನಾಯು ಸೋತಿದೆ ಅಂದ್ರು. ಕೆಳಗೆಳೆಯೋ ನೇರ ಸ್ನಾಯು ಅಂದೆ. ತಪ್ಪಂತೆ. ಕಣ್ಣಿನ ಆರೂ ಸ್ನಾಯುಗಳ ಹೆಸರು ಬಾಯಿಪಾಠ ಇದೆ ಅತ್ತೆ, ಯಾವುದು ಯಾವ ಕಡೆ ಎಳೆಯುತ್ತೋ ಅದೇ ತಲೆಗೆ ಹೋಗಲ್ಲ.”

“ಬಾಯಿಪಾಠ ಗಿಣಿಗೂ ಬರುತ್ತೆ. ತೋಳು, ಕಾಲರ್ ಅಂತ ಜಪ ಮಾಡಿ ಯಾರಾದ್ರೂ ಅಂಗಿ ಹೊಲಿಯೋದು ಕಲಿತಿದ್ದಾರಾ? ಎದ್ದು ಆ ಚಪ್ಪಲಿ ಡಬ್ಬಿ ತಗೊಂಡ್ಬಾ.”

ಡಬ್ಬಿಯೊಳಗೆ ಕಣ್ಣುಗುಡ್ಡೆಯಾಗಿ ಒಂದು ರಬ್ಬರ್ ಚೆಂಡು ಕೂತಿತು. ಅದಕ್ಕೊಂದು ಕೋಟಿನ ಕಪ್ಪು ಗುಂಡಿ ಹೊಲಿದದ್ದೇ ಪಾಪೆ. ಡಬ್ಬಿಯ ಒಂದು ಬದಿಗೆ ಗುಂಡಿಯಮ್ಮ ಮೂಗು ಬರೆದಳು, ಇನ್ನೊಂದು ಬದಿಗೆ ಕಿವಿ. ಮೂಗು ಥೇಟ್ ತನ್ನ ಗಂಡನದ್ದು ಎಂದು ಸೊಸೆ ನಕ್ಕಳು. ಫೇಲಾಗಿ ಬಂದ ಮೇಲೆ ಅದೇ ಮೊದಲ ನಗು. ಹಿಂದಿನಿಂದ ನಾಲ್ಕು ಎಲಾಸ್ಟಿಕ್ ಪಟ್ಟಿಗಳನ್ನು ಚೆಂಡಿನ ನಾಲ್ಕು ದಿಕ್ಕಿಗೆ ಹೊಲಿದರು. ದಿನಾ ಸಂಜೆ ಅತ್ತೆ “ಕಿವಿ ಕಡೆ!”, “ಮೇಲೆ!” ಎಂದು ಕೂಗುವುದು, ಸೊಸೆ ಪಟ್ಟಿ ಎಳೆಯುವುದು; ತಪ್ಪಿದರೆ ಅಳತೆ ಟೇಪಿನಿಂದ ಬೆರಳ ಗಂಟಿಗೊಂದು ಏಟು. ಮೂಗಿನ ಪಕ್ಕದಿಂದ ಹೊರಟು ಚೆಂಡಿನ ಅಡಿಯಲ್ಲಿ ಹಾಯುವ ಐದನೆಯ ಓರೆ ಪಟ್ಟಿಯೂ ಮಾತು ಕೇಳಿತು.

ಆರನೆಯದು ಮಾತ್ರ ಹಟಮಾರಿ. ಅದು ಕೆಳಗೆ ನೋಡಿಸುತ್ತದೆ ಎಂದು ಪುಸ್ತಕದಲ್ಲಿತ್ತು. ಇವರು ಹಿಂದಿನಿಂದ ತಂದು ಚೆಂಡಿನ ನೆತ್ತಿಗೆ ಹೊಲಿದು ಎಳೆದರೆ ಗುಂಡಿ ಸೂರು ನೋಡಿತು.

“ಪುಸ್ತಕದವರದ್ದೇ ತಪ್ಪು,” ಎಂದು ಗುಂಡಿಯಮ್ಮ ತೀರ್ಪು ಕೊಟ್ಟಳು. ಆದರೂ ಮೂರು ದಿನ ಅವಳಿಗೆ ಊಟ ರುಚಿಸಲಿಲ್ಲ.

ನಾಲ್ಕನೆಯ ದಿನ ಗಿರಾಕಿಯೊಬ್ಬರ ಕಿಟಕಿ ಪರದೆ ಹೊಲಿದು ಮುಗಿಸಿ, ಸರಿಯಾಗಿ ಸುತ್ತಿಕೊಳ್ಳುತ್ತದೆಯೇ ಎಂದು ಹಗ್ಗ ಎಳೆದು ನೋಡುತ್ತಿದ್ದಳು. ಮೇಲಿನ ಬಳೆಯೊಳಗಿಂದ ಹಾಯ್ದ ಹಗ್ಗ ಕೆಳಗೆ ಬಂತು, ಬಟ್ಟೆ ಮೇಲೆ ಹೋಯಿತು. ಅವಳು ಹಗ್ಗ ಹಿಡಿದುಕೊಂಡೇ ನಿಂತಳು.

“ಏ ಹುಡುಗಿ, ಆ ಚಿತ್ರದಲ್ಲಿ ಮೂಗಿನ ಹತ್ರ ಉಂಗುರದ ಹಾಗೆ ಏನೋ ಇತ್ತಲ್ಲ?”

“ಅದು ರಾಟೆ ಅತ್ತೆ. ಚಿಕ್ಕದು ಅಂತ ಬಿಟ್ಟಿದ್ವಿ.”

“ಬಿಟ್ಟಿದ್ದೇ ಎಡವಟ್ಟು! ಎಳೆಯೋದು ಹಿಂದಿನಿಂದಾದ್ರೂ ಜಗ್ಗೋದು ಮೂಗಿನ ಹತ್ರದಿಂದ ಕಣೇ.”

ರವಿಕೆಯ ಹುಕ್ಕು ಸಿಕ್ಕಿಸುವ ಬಳೆಯೊಂದನ್ನು ಮೂಗಿನ ಬದಿಗೆ ಹೊಲಿದು, ಪಟ್ಟಿಯನ್ನು ಅದರೊಳಗೆ ತೂರಿಸಿ, ಹಿಂದಕ್ಕೆ ತಿರುಗಿಸಿ ಚೆಂಡಿನ ಹಿಂಭಾಗದ ನೆತ್ತಿಗೆ ಸೇರಿಸಿದಳು. ಸೊಸೆ ಚೆಂಡನ್ನು ಮೂಗಿನ ಕಡೆ ತಿರುಗಿಸಿ ಪಟ್ಟಿ ಎಳೆದಳು. ಗುಂಡಿ ಕೆಳಗೆ ನೋಡಿತು.

“ಇದೇ ಅತ್ತೆ! ಮೆಟ್ಟಿಲು ಇಳಿಯುವಾಗ ಬೇಕಾಗೋದು ಇದೇ!” ಎಂದು ಅವಳು ಅತ್ತೆಯನ್ನು ಕುರ್ಚಿ ಸಮೇತ ತಬ್ಬಿಕೊಂಡಳು.

ಪರೀಕ್ಷೆಯ ದಿನ ಗುಂಡಿಯಮ್ಮ ಒಂದೇ ಅಂಗಿಗೆ ಎರಡು ಎಡತೋಳು ಹೊಲಿದು ಕೂತಿದ್ದಳು. ಸೊಸೆ ಬಂದಳು. ಪಾಸೋ ಫೇಲೋ ಎಂದು ಕೇಳುವ ಧೈರ್ಯ ಅತ್ತೆಗೆ ಬರಲಿಲ್ಲ.

“ರಾಟೇದು ಕೇಳಿದ್ರಾ?”

“ಅದನ್ನೇ ಕೇಳಿದ್ರು. ಕೈಯಾಡಿಸಿ ತೋರಿಸಿದೆ. ಪಾಸು ಅತ್ತೆ! ಇಷ್ಟು ಚೆನ್ನಾಗಿ ಯಾರು ಹೇಳಿಕೊಟ್ರು ಅಂದ್ರು. ನಮ್ಮತ್ತೆ ಅಂದೆ. ಅವರೂ ಡಾಕ್ಟ್ರಾ ಅಂದ್ರು.”

“ನೀನೇನಂದೆ?”

“ಹೂಂ ಅಂದ್ಬಿಟ್ಟೆ.”

ಗುಂಡಿಯಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಆದರೂ ಬೈಯದೆ ಬಿಡುವವಳಲ್ಲ.

“ಇನ್ನೊಂದ್ಸಲ ಕೇಳಿದ್ರೆ ನಿಜ ಹೇಳು. ದರ್ಜಿ ಅನ್ನು. ಡಾಕ್ಟ್ರಿಗೆಲ್ಲಿ ಬರುತ್ತೆ ಕಣ್ಣು ಹೊಲಿಯೋಕೆ!”