ಬಿರುಕಿಗೆ ಹಚ್ಚಿದ ಗಾಜು

ಎಪ್ಪತ್ತರ ದಶಕ ಮುಗಿಯುತ್ತ ಬಂದಿದ್ದ ಒಂದು ಏಪ್ರಿಲ್‌ನಲ್ಲಿ ಸಾಗರದಿಂದ ಬೆಳಗಿನ ಬಸ್ಸು ಹಿಡಿದೆ. ಹಳೆಯ ಕಟ್ಟಡಗಳ ಸ್ಥಿತಿ ನೋಡಿ ವರದಿ ಬರೆಯುವುದು ಆಗ ನನ್ನ ಕೆಲಸ. ಇಕ್ಕೇರಿಯ ಆಸುಪಾಸಿನಲ್ಲಿ ಎರಡು ದಿನ ಏಣಿ ಹತ್ತಿ ಇಳಿದು ಮಂಡಿ ಊದಿಕೊಂಡಿತ್ತು. ಹೊಸನಗರದಲ್ಲಿ ಅವಲಕ್ಕಿ ತಿಂದು, ಚಹಾ ಕುಡಿದು, ಬಸ್ಸು ಬದಲಾಯಿಸಿದೆ. ತೀರ್ಥಹಳ್ಳಿಯ ದಾರಿಯಲ್ಲಿ ದಾರಿ ತೋರುವ ಒಂದು ಕೈಮರದ ಬಳಿ ಇಳಿದು ಎರಡು ಮೈಲಿ ನಡೆಯಬೇಕಾಯಿತು. ಮರದ ನೆರಳಿದ್ದರೂ ಸೆಕೆಗೆ ಅಂಗಿ ಬೆನ್ನಿಗೆ ಅಂಟಿತ್ತು.

ಅಲ್ಲಿದ್ದದ್ದು ನಾಯಕರ ಕಾಲದ ಸಣ್ಣ ಕಲ್ಲಿನ ಗುಡಿ. ಎರಡು ವರ್ಷದ ಹಿಂದೆ ಬಂದಾಗ ಮುಂದಿನ ಮಂಟಪದ ಗೋಡೆಯಲ್ಲಿ ಬಿರುಕು ಕಂಡು, ಅದಕ್ಕೆ ಅಡ್ಡಲಾಗಿ ಒಂದು ಗಾಜಿನ ಪಟ್ಟಿಯನ್ನು ಗಾರೆಯಲ್ಲಿ ಕೂರಿಸಿ ಹೋಗಿದ್ದೆ. ಗೋಡೆ ಸರಿದರೆ ಗಾಜು ಒಡೆಯುತ್ತದೆ. ಈಗ ನೋಡಿದರೆ ಗಾಜು ಇಡಿಯಾಗಿತ್ತು. ‘ಭಯವಿಲ್ಲ’ ಎಂದು ಬರೆದು ಹೊರಟುಬಿಡಬಹುದಲ್ಲ ಎಂದು ಜೀವ ಹಗುರಾಯಿತು.

ಆದರೆ ಗಾಜಿನ ಮೇಲೆ ನಾನು ಗೀಚಿದ್ದ ತಾರೀಖು ಇರಲಿಲ್ಲ.

ಅರ್ಚಕರಾದ ಗಣಪತಿ ಭಟ್ಟರನ್ನು ಕರೆದು ಕೇಳಿದೆ. ಎಪ್ಪತ್ತು ದಾಟಿದ ಬಡಕಲು ಜೀವ. ನೆಲ ನೋಡುತ್ತ ನಿಂತರು.

“ಅದು ಮೊದ್ಲನೇ ಮಳೆಗಾಲದಲ್ಲೇ ಒಡೀತು ರಾಯ್ರೇ. ಸರ್ಕಾರದ ಗಾಜು, ನಾವೇ ಒಡೆದ್ವಿ ಅಂತ ಬರೀತೀರೇನೋ ಅಂತ ಹೆದ್ರಿಕೆ ಆಯ್ತು. ಪೇಟೆಯಿಂದ ಬೇರೆ ತರ್ಸಿ ಹಚ್ಚಿದೆ.”

“ಒಂದೇ ಸಲವೇ?”

“ಇಲ್ಲ. ಇದು ಮೂರನೇದು.”

ಬೈಯಲು ಬಾಯಿ ತೆರೆದವನು ಸುಮ್ಮನಾದೆ. ಗಾಜು ಏಕೆಂದು ಅಂದು ಅವರಿಗೆ ತಿಳಿಸುವಷ್ಟು ತಾಳ್ಮೆ ನನಗಿರಲಿಲ್ಲ. ‘ಯಾರೂ ಮುಟ್ಟಬಾರದು’ ಎಂದು ಗದರಿಸಿ ಹೋಗಿದ್ದೆ, ಅಷ್ಟೇ.

ಹಿಂದೆ ಬೆಂಕಿಕಡ್ಡಿ ಮಾತ್ರ ಹಿಡಿಯುತ್ತಿದ್ದ ಬಿರುಕಿನಲ್ಲಿ ಈಗ ಬೆರಳು ಹೋಯಿತು. ಮೇಲಿನ ತೊಲೆಗಲ್ಲಿನ ಒಂದು ತುದಿ ಕಂಬದ ಅಂಚಿಗೆ ಸರಿದು ಕೂತಿತ್ತು.

“ಭಟ್ಟರೇ, ಮಂಟಪದೊಳಗೆ ಇನ್ನು ಯಾರೂ ಕಾಲಿಡಬಾರದು.”

“ಮುಂದಿನ ವಾರ ಮೊಮ್ಮಗಳ ಮದ್ವೆ ಇಲ್ಲೇ ಇಟ್ಕಂಡಿದೀವಿ. ಅದೊಂದ್ ದಿನ ಕಳೀಲಿ.”

“ಅದೇ ದಿನ ಬಿದ್ದರೆ?”

ಅವರು ತಲೆ ಎತ್ತಿ ತೊಲೆಗಲ್ಲನ್ನು ನೋಡಿದರು.

“ರಿಪೇರಿ ಯಾವಾಗ ಆಗ್ತದೆ?”

“ವರದಿ ಮೇಲಕ್ಕೆ ಹೋಗಬೇಕು. ನನ್ನಿಂದ ಹೇಳಲಾಗದು.”

“ಹಂಗಾರೆ ಅಂಗಳದಲ್ಲೇ ಚಪ್ಪರ ಹಾಕ್ತೀವಿ,” ಎಂದರು. ಅವರ ಹೆಂಡತಿ ಮಜ್ಜಿಗೆ ತಂದುಕೊಟ್ಟರು. ನಿಂತೇ ಕುಡಿದೆ. ತೀರ್ಥಹಳ್ಳಿಯ ಸಂಜೆ ಬಸ್ಸಿಗೆ ಹೊತ್ತಾಗುತ್ತಿತ್ತು. ಅಲ್ಲಿ ಮತ್ತೊಂದು ಕಟ್ಟಡ ಕಾದಿತ್ತು.

ತಿರುವಿನಲ್ಲಿ ಮಂಡಿ ನೀವಿಕೊಳ್ಳಲು ನಿಂತು ಹಿಂದೆ ನೋಡಿದೆ. ಭಟ್ಟರು ನಾನು ಹೇಳಿದಂತೆ ಮಂಟಪದ ಬಾಗಿಲಿಗೆ ಅಡ್ಡ ಬಿದಿರು ಕಟ್ಟಿ, ಗಂಟು ಎಳೆದು ಬಿಗಿ ನೋಡಿದರು. ಗರ್ಭಗುಡಿಗೆ ಬೇರೆ ದಾರಿಯಿಲ್ಲ. ಸಂಜೆಯ ದೀಪಕ್ಕೆ ಹೊತ್ತಾಗಿತ್ತು. ಎಣ್ಣೆಯ ಗಿಂಡಿ ಹಿಡಿದು, ಬಗ್ಗಿ, ಅದೇ ಬಿದಿರಿನ ಕೆಳಗೆ ನುಸುಳಿ ಒಳಗೆ ಹೋದರು.

ಕೂಗಿದ್ದರೆ ಕೇಳುತ್ತಿತ್ತು. ನಾನು ಕೂಗಲಿಲ್ಲ. ಅವರು ಹೊರಗೆ ಬರುವವರೆಗೆ ನಿಂತಿದ್ದೆ. ಬಸ್ಸು ತಪ್ಪಿತು.